ಕಾವಲಿನವರಿಗೆ ನಮಸ್ಕಾರ

ಸೆಪ್ಟೆಂಬರ್ 3, ಸೋಮವಾರ

ಹಳೆಯ ದೂರು ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಮಯ, ಕಟ್ಟಡ, ದೂರು, ಪರಿಹಾರ ಎಂದು ನಾಲ್ಕು ಅಂಕಣ ಗೀಚಿದ ಹಾಳೆ. ನನ್ನ ಹತ್ತಿರ ಮೂರನೆಯದು ಮಾತ್ರ ಧಾರಾಳವಾಗಿದೆ. ಆದರೂ ಕಾಗದ ವಾಸಿ. ಕಾಗದದಲ್ಲಿ ಬರೆದದ್ದನ್ನು ದೂರ ಕುಳಿತವರು ಓದಲಾರರು. ಇವತ್ತಿನಿಂದ ಅದೊಂದು ದೊಡ್ಡ ಸೌಕರ್ಯ.

ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಆಫೀಸಿನವರನ್ನೆಲ್ಲ ಮೀಟಿಂಗ್ ಕೋಣೆಗೆ ಕರೆದರು. ಹನ್ನೆರಡು ಕುರ್ಚಿ, ಇಪ್ಪತ್ತಾರು ಜನ. ಲಿಫ್ಟ್ ರಿಪೇರಿ ಕಂಪನಿಯವರಿಗೆ ಇಕ್ಕಟ್ಟಿನಲ್ಲಿ ನಿಲ್ಲುವುದು ಹೊಸದಲ್ಲ. ಕಂಪ್ಯೂಟರ್ ನೋಡಿಕೊಳ್ಳುವವನು ಎದ್ದು ನಿಂತ. ಅವನಿಗೆ ಎಲ್ಲರೂ ತಂತಿ ಅನ್ನುತ್ತೇವೆ. ಸಣ್ಣಗಿದ್ದಾನೆ, ಮುಟ್ಟಿದರೆ ಶಾಕ್ ಹೊಡೆಯುತ್ತಾನೆ.

"ಇವತ್ತಿಂದ ಎಲ್ಲರೂ ಹೊಸ ಬ್ರೌಸರಲ್ಲೇ ಕೆಲಸ ಮಾಡ್ಬೇಕು," ಅಂದ. "ನೀವು ಯಾವ ಪುಟ ತೆರೆದ್ರಿ, ಏನು ಹುಡುಕಿದ್ರಿ, ಎಲ್ಲಾ ಒಂದೊಂದು ಸಾಲಾಗಿ ಬರೆದಿಡುತ್ತೆ. ಅದೇ ಲಾಗ್."

"ಬರೆದು ಎಲ್ಲಿಡುತ್ತೆ?" ಗುಬ್ಬಿ ಕೇಳಿದಳು. ಗುಬ್ಬಿ ನನ್ನ ಪಕ್ಕದ ಮೇಜಿನವಳು, ನನ್ನ ಹಾಗೇ ದೂರಿನ ಕರೆ ತೆಗೆದುಕೊಳ್ಳುವವಳು. ಕೂತಲ್ಲಿ ಕೂರುವುದಿಲ್ಲ, ಚಿಲಿಪಿಲಿ ನಿಲ್ಲುವುದಿಲ್ಲ.

"ಕ್ಲೌಡ್‌ನಲ್ಲಿ ನಮಗೆ ಅಂತ ಒಂದು ಜಾಗ ಇದೆ. ಬಕೆಟ್ ಅಂತಾರೆ. ಲಾಗೆಲ್ಲಾ ಅಲ್ಲಿಗೆ ಹೋಗಿ ಬೀಳುತ್ತೆ. ಆ ಕಡೆಯಿಂದ ಕಾವಲು ವ್ಯವಸ್ಥೆ ಐದೈದು ನಿಮಿಷಕ್ಕೆ ಬಂದು ಎತ್ಕೊಂಡು ಓದುತ್ತೆ. ಅನುಮಾನ ಬಂತೋ, ಪರದೆ ಮೇಲಿರೋ ಈ ಹಸಿರು ಹಲಗೆ ಕೆಂಪಾಗುತ್ತೆ. ಮೂವತ್ತು ದಿನ ಆದ್ಮೇಲೆ ಬಕೆಟ್‌ನಲ್ಲಿರೋದು ತಾನಾಗೇ ಅಳಿಸಿ ಹೋಗುತ್ತೆ."

ಮಾತಷ್ಟೇ ಅಲ್ಲ, ಮಾಡಿಯೂ ತೋರಿಸಿದ. ಯಾವುದೋ ಕೆಟ್ಟ ವಿಳಾಸವನ್ನು ಎಲ್ಲರೆದುರೇ ತೆರೆದ. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಇಪ್ಪತ್ತಾರು ಜನವೂ ಪರದೆಯನ್ನೇ ನೋಡುತ್ತಾ ನಿಂತೆವು. ನಾಲ್ಕೂವರೆ ನಿಮಿಷಕ್ಕೆ ಹಲಗೆ ಕೆಂಪಾಗಿ ಕೀಂಯ್ ಅಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಯಾಕೆ ಅಂದರೆ, ಹನ್ನೊಂದು ವರ್ಷದ ಹಿಂದೆ ಕೆಲಸದ ಅರ್ಜಿಯಲ್ಲಿ "ಹತ್ತನೇ ತರಗತಿ: ಉತ್ತೀರ್ಣ" ಅಂತ ನನ್ನ ಕೈಯಾರೆ ಬರೆದಿದ್ದೇನೆ. ನಾನು ಒಂಬತ್ತು ಮುಗಿಸಿದವಳು. ಅದನ್ನೂ ಎರಡು ಕಂತಿನಲ್ಲಿ. ಈಗ ನಲವತ್ತೊಂದನೇ ವಯಸ್ಸಿಗೆ, ಆ ಸುಳ್ಳನ್ನು ನಿಜ ಮಾಡಿಬಿಡೋಣ ಅಂತ ಕದ್ದುಮುಚ್ಚಿ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದೇನೆ. ಮಿಕ್ಕ ವಿಷಯವೆಲ್ಲ ಮುಗಿಯಿತು, ಗಣಿತ ಒಂದು ಉಳಿದಿದೆ, ಅಕ್ಟೋಬರ್ ಎಂಟಕ್ಕೆ. ಮನೆಯಲ್ಲಿ ಇರುವ ಒಂದು ಫೋನು ಮಗಳ ಕೈಯಲ್ಲಿ. ಪಾಠ ನೋಡುವುದೆಲ್ಲ ಆಫೀಸಿನ ಕಂಪ್ಯೂಟರಿನಲ್ಲೇ, ಊಟದ ಹೊತ್ತಿನಲ್ಲಿ.

ಲಾಗ್ ಓದಿದವರಿಗೆ ಗೊತ್ತಾದರೆ ಕೆಲಸ ಹೋದ ಹಾಗೆಯೇ.

ಇವತ್ತಿನ ಚಿಂತೆಗಳು: ಹನ್ನೊಂದು. (ಗ್ಯಾಸ್ ಮುಚ್ಚಿದ್ದೇನೋ ಇಲ್ಲವೋ ಎಂಬುದನ್ನೂ ಸೇರಿಸಿ.)

ಸೆಪ್ಟೆಂಬರ್ 4, ಮಂಗಳವಾರ

ಪಾಠ ಬಂದ್. ಇವತ್ತು ಒಳ್ಳೆಯ ಸಾಲುಗಳನ್ನೇ ಬಕೆಟ್‌ಗೆ ಬೀಳಿಸಬೇಕು ಅಂತ ನಿರ್ಧರಿಸಿ ಬೆಳಿಗ್ಗೆಯಿಂದ ಇವನ್ನು ಹುಡುಕಿದೆ:

ಕಷ್ಟಪಟ್ಟು ಕೆಲಸ ಮಾಡುವುದು ಹೇಗೆ.
ಕಂಪನಿಗೆ ನಿಷ್ಠೆಯಿಂದ ಇರುವುದು ಹೇಗೆ.
ನಮ್ಮ ಮೇಡಂ ತುಂಬಾ ಒಳ್ಳೆಯವರು.

ಮೂರನೆಯದಕ್ಕೆ ಉತ್ತರವಾಗಿ ಯಾವುದೋ ಶಾಲೆಯ ಮುಖ್ಯೋಪಾಧ್ಯಾಯಿನಿಯ ಫೋಟೋ ಬಂತು. ಇರಲಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಹುಡುಕಿದೆ, ಮೊದಲ ಸಲದ್ದು ಅವರು ಗಮನಿಸದೆ ಹೋಗಿದ್ದರೆ ಅಂತ.

ಚಿಂತೆ: ಒಂಬತ್ತು.

ಸೆಪ್ಟೆಂಬರ್ 6, ಗುರುವಾರ

ಕೆಟ್ಟಿತು ಕೆಲಸ. ಪ್ರವೇಶ ಪತ್ರ ಬಿಟ್ಟಿದ್ದಾರೋ ನೋಡು ಅಂತ ಮಗಳು ಬೆಳಿಗ್ಗೆ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಕೈ ತನ್ನಷ್ಟಕ್ಕೆ "ಹತ್ತನೇ ತರಗತಿ ಖಾಸಗಿ ಅಭ್ಯರ್ಥಿ ಪ್ರವೇಶ ಪತ್ರ" ಅಂತ ಹೊಡೆದು ಎಂಟರ್ ಒತ್ತಿಬಿಟ್ಟಿತು. ಕೈಗೆ ಬುದ್ಧಿ ಇಲ್ಲ.

ಅಳಿಸಿದೆ. ಅಳಿಸಿದರೆ ಪರದೆಯಿಂದ ಹೋಗುತ್ತದೆ, ಬಕೆಟ್‌ನಿಂದ ಹೋಗುತ್ತದೆಯೇ? ಸರಿ, ಇದರ ಮೇಲೆ ಬೇರೆ ಸಾಲುಗಳನ್ನು ಹೇರಿ ಮುಚ್ಚೋಣ ಅಂತ ಹೊರಟೆ. "ಮಗಳ ಹತ್ತನೇ ತರಗತಿ ಪ್ರವೇಶ ಪತ್ರ" ಅಂತ ಹುಡುಕಿದೆ. ಮಗಳು ಹೋದ ವರ್ಷವೇ ಪಾಸಾಗಿದ್ದಾಳೆ, ಆಫೀಸಿಗೆಲ್ಲ ಗೊತ್ತು, ಸಿಹಿ ಹಂಚಿದ್ದೇನೆ. ಆದ್ದರಿಂದ "ಪಕ್ಕದ ಮನೆಯವರ ಹತ್ತನೇ ತರಗತಿ" ಅಂತ ಹುಡುಕಿದೆ. ಅದೂ ಸಾಲದು ಅನ್ನಿಸಿ "ಹತ್ತನೇ ತರಗತಿ ಪಾಸಾದವರು ಸುಮ್ಮನೆ ಇನ್ನೊಮ್ಮೆ ಬರೆಯಬಹುದೇ" ಅಂತ ಹುಡುಕಿದೆ. ಕೊನೆಗೆ ಏನೂ ತೋಚದೆ "ಇದು ನನಗಲ್ಲ" ಅಂತ ಹುಡುಕಿದೆ.

ಈಗ ಬರೆಯುತ್ತಾ ಓದಿಕೊಂಡರೆ, ಮೊದಲನೆಯ ಸಾಲೊಂದೇ ಇದ್ದಿದ್ದರೆ ಎಷ್ಟೋ ಮೇಲಿತ್ತು.

ಚಿಂತೆ: ಹದಿನೇಳು. ಇದುವರೆಗಿನ ಅತಿ ಹೆಚ್ಚು.

ಸೆಪ್ಟೆಂಬರ್ 10, ಸೋಮವಾರ

ನಾಲ್ಕು ದಿನವಾಯಿತು, ಯಾರೂ ಕರೆಯಲಿಲ್ಲ. ಬೈದರೆ ಬೈಯಲಿ, ಈ ಮೌನ ಸಾಕಾಗಿದೆ. ಓದುವವರು ಯಾರೋ ಇದ್ದಾರಲ್ಲ, ಅವರಿಗೇ ನೇರವಾಗಿ ಹೇಳಿಕೊಂಡರೆ ಹೇಗೆ? ಹುಡುಕುವ ಜಾಗದಲ್ಲಿ ಹೊಡೆದೆ:

ಕಾವಲಿನವರಿಗೆ ನಮಸ್ಕಾರ. ಆರನೇ ತಾರೀಖಿನ ಸಾಲುಗಳ ಬಗ್ಗೆ ಒಂದು ಮಾತು ಹೇಳಬೇಕಿತ್ತು.

ಎಂಟರ್. ಉತ್ತರವಾಗಿ ಕಾವಲುಗಾರರ ಸಮವಸ್ತ್ರ, ಟಾರ್ಚು, ಸೀಟಿ ಬಂದವು. ಮುಂದುವರಿಸಿದೆ:

ಹತ್ತು ಪಾಸಾಗಿಲ್ಲ ಎನ್ನುವುದು ನಿಜ. ಆದರೆ ಹನ್ನೊಂದು ವರ್ಷದಲ್ಲಿ ಒಂದು ಕರೆಯನ್ನೂ ತಪ್ಪಿಸಿಲ್ಲ, ಇದೂ ನಿಜ.

ದಯವಿಟ್ಟು ಮೇಡಂಗೆ ಹೇಳುವ ಮೊದಲು ಅಕ್ಟೋಬರ್ ಎಂಟರವರೆಗೆ ಕಾಯಿರಿ.

ಮನಸ್ಸು ಹಗುರವಾಯಿತು. ಮೇಡಂ ನನ್ನ ಬೆನ್ನ ಹಿಂದಿನಿಂದ ಹಾದುಹೋದಾಗ ಪರದೆಯ ತುಂಬ ಸೀಟಿಗಳಿದ್ದವು. "ಸೀಟಿ ಯಾಕೆ?" ಅಂದರು. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ಅಂತ ಮೇಡಂ," ಅಂದೆ. ತಲೆಯಾಡಿಸಿ ಹೋದರು. ಇಷ್ಟು ಬೇಗ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ.

ಚಿಂತೆ: ಎಂಟು.

ಸೆಪ್ಟೆಂಬರ್ 12, ಬುಧವಾರ

ಒಂದು ಆಸ್ಪತ್ರೆಯ ಲಿಫ್ಟ್ ಎರಡಕ್ಕೂ ಮೂರಕ್ಕೂ ಮಧ್ಯೆ ನಿಂತಿತು. ಒಳಗೊಬ್ಬರು ಅಜ್ಜ. ಲಿಫ್ಟುಗಳ ಪುಟ ತೆರೆದರೆ ಯಾವುದು ಎಲ್ಲಿ ನಿಂತಿದೆ ಅಂತ ಕುರ್ಚಿಯಲ್ಲೇ ಕಾಣುತ್ತದೆ. ಪಾಸ್‌ವರ್ಡ್ ಇದ್ದವರು ಅಲ್ಲಿಂದಲೇ ಲಿಫ್ಟ್ ನಿಲ್ಲಿಸಬಹುದು, ಬಿಡಬಹುದು. ಮೆಕ್ಯಾನಿಕ್ ತಲುಪಲು ಇಪ್ಪತ್ತೆರಡು ನಿಮಿಷ. ಅಷ್ಟೂ ಹೊತ್ತು ಫೋನಿನಲ್ಲಿ ಅವರನ್ನು ಮಾತಾಡಿಸಿದೆ.

"ಉಸಿರು ನಿಧಾನಕ್ಕೆ ಬಿಡಿ ಅಜ್ಜಾ."

"ನೀನು ಬಿಡಮ್ಮಾ ಮೊದಲು. ನಿನ್ನ ಉಸಿರೇ ಇಲ್ಲಿವರೆಗೆ ಕೇಳಿಸ್ತಿದೆ."

ಇದನ್ನು ಕಾವಲಿನವರಿಗೂ ತಿಳಿಸಿದೆ. ಊಟ ಆಯಿತೇ ಅಂತ ಕೇಳಿದೆ. ಮರೆತಿದ್ದೆ, ಮಧ್ಯಾಹ್ನ ಪಾಠವನ್ನೂ ನೋಡಿದೆ. ಹೇಗೂ ಹೇಳಿಯಾಗಿದೆ, ಇನ್ನು ಮುಚ್ಚುಮರೆ ಯಾಕೆ? "ಈಗ ಅರ್ಧ ಗಂಟೆ ವೃತ್ತಗಳು, ದಯವಿಟ್ಟು ತಪ್ಪು ತಿಳಿಯಬೇಡಿ" ಅಂತ ಮೊದಲೇ ಬರೆದು ಶುರು ಮಾಡಿದೆ.

ಮನೆಯಲ್ಲಿ ಮಗಳು ನಾನು ಮಾಡಿದ ಲೆಕ್ಕ ನೋಡಿ ಕೆಂಪು ಪೆನ್ನು ಕೇಳಿದಳು. ಹೆತ್ತದ್ದಕ್ಕೆ ಇದೂ ಇರಲಿ.

ಚಿಂತೆ: ಐದು ಅಥವಾ ಆರು.

ಸೆಪ್ಟೆಂಬರ್ 14, ಶುಕ್ರವಾರ

ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂದು ಸಾಧಿಸಿ. ಸಮ ಅಂತ ಕಣ್ಣಿಗೆ ಕಾಣುತ್ತಿರುವಾಗ ಸಾಧಿಸುವುದು ಯಾಕೆ? ಕಾವಲಿನವರನ್ನು ಕೇಳಿದೆ. ಉತ್ತರವಿಲ್ಲ.

ಸೆಪ್ಟೆಂಬರ್ 17, ಸೋಮವಾರ

ಕುಡಿಯುವ ನೀರಿನ ಯಂತ್ರದ ಪಕ್ಕದ ಗೋಡೆಗೆ ತಂತಿ ದೊಡ್ಡ ಪರದೆ ನೇತುಹಾಕಿದ್ದಾನೆ. ಕಾವಲು ಹಲಗೆ ಈಗ ಎಲ್ಲರಿಗೂ ಕಾಣುತ್ತದೆ. ಉದ್ದಗಲಕ್ಕೂ ಹಸಿರು. ನಡುವೆ ಒಂದು ಸೊನ್ನೆ.

"ಎರಡು ವಾರ! ಒಂದೇ ಒಂದು ಅಪಾಯ ಇಲ್ಲ!" ಅಂತ ಲೋಟ ಹಿಡಿದು ಬಂದವರಿಗೆಲ್ಲ ತೋರಿಸಿದ. ಮೇಡಂ ಕೇಕ್ ತರಿಸಿದರು.

"ತಂತೀ, ನಿನ್ನ ಹಲಗೆಗೆ ದೃಷ್ಟಿ ತಾಗುತ್ತೆ, ಮೂಲೆಲಿ ಒಂದು ಕಪ್ಪು ಬೊಟ್ಟು ಇಡು," ಗುಬ್ಬಿ ಅಂದಳು.

ಎಲ್ಲರೂ ನಕ್ಕರು. ನನಗೆ ಯಾಕೋ ಬೇಜಾರಾಯಿತು. ಸುಮಾರು ನೂರು ಸಾಲು ಬರೆದಿದ್ದೇನೆ. ಕಂಪನಿಗೆ ಸುಳ್ಳು ಹೇಳಿದವಳು ಅಂತ ನಾನೇ ಒಪ್ಪಿಕೊಂಡಿದ್ದೇನೆ. ಒಂದು ಸಣ್ಣ ಅನುಮಾನಕ್ಕೂ ನಾನು ಯೋಗ್ಯಳಲ್ಲವೇ?

ಕೇಕ್ ಒಣಕಲು. ಎರಡು ತುಂಡು ತಿಂದೆ.

ಸೆಪ್ಟೆಂಬರ್ 20, ಗುರುವಾರ

ಇವತ್ತು ನಾನು ಮಾಡಿದ್ದನ್ನು ಯಾರಾದರೂ ನೋಡಿದ್ದರೆ ಪೊಲೀಸರೇ ಬರಬೇಕಿತ್ತು.

ಮೊದಲು ಮೆಲ್ಲಗೆ ಶುರು ಮಾಡಿದೆ: "ಲಿಫ್ಟ್ ಕಂಪನಿಯನ್ನು ಮುಳುಗಿಸುವುದು ಹೇಗೆ." ಹಲಗೆ ಹಸಿರು. ಜೂಜಿನ ಪುಟ ಒಂದನ್ನು ತೆರೆದೆ. ಹಸಿರು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡು ಇನ್ನೊಂದು ಥರದ ಪುಟ ತೆರೆದೆ. ಅದು ಏನು ಅಂತ ಇಲ್ಲಿಯೂ ಬರೆಯುವುದಿಲ್ಲ. ಹಸಿರು. ಕೊನೆಗೆ ಅವತ್ತು ಮೀಟಿಂಗಿನಲ್ಲಿ ತಂತಿ ತೆರೆದಿದ್ದನಲ್ಲ, ಅದೇ ಕೆಟ್ಟ ವಿಳಾಸವನ್ನು ನೆನಪಿನಿಂದ ಹೊಡೆದೆ. ಹನ್ನೆರಡು ಸಲ. ನೀರು ಕುಡಿಯುವ ನೆಪದಲ್ಲಿ ಹಲಗೆಯ ಮುಂದೆ ನಿಂತೆ. ಐದು ನಿಮಿಷ. ಹತ್ತು ನಿಮಿಷ. ನಾಲ್ಕು ಲೋಟ ನೀರು. ಅವತ್ತು ಕೀಂಯ್ ಅಂದದ್ದು ಇವತ್ತು ತುಟಿ ಬಿಚ್ಚಲಿಲ್ಲ.

ಆಗ ಹೊಳೆಯಿತು. ನನ್ನ ಕೆಲಸದಲ್ಲಿ ಕಲಿತದ್ದೇ ಇದು. ಒಂದು ಕಟ್ಟಡದಿಂದ ಎರಡು ವಾರ ಒಂದೂ ಕರೆ ಬರಲಿಲ್ಲ ಅಂದರೆ ಆ ಲಿಫ್ಟ್ ಚೆನ್ನಾಗಿದೆ ಅಂತ ಅಲ್ಲ. ಲಿಫ್ಟಿನೊಳಗಿನ ಫೋನು ಸತ್ತಿದೆ ಅಂತ. ಹೊಸದಾಗಿ ಸೇರಿದವರು ಅಂಥ ಕಟ್ಟಡವನ್ನು ಒಳ್ಳೆಯ ಪಟ್ಟಿಗೆ ಹಾಕುತ್ತಾರೆ. ನಾನು ಮೊದಲು ಅಲ್ಲಿಗೇ ಆಳು ಕಳಿಸುತ್ತೇನೆ.

ಇಪ್ಪತ್ತಾರು ಜನ, ಹದಿನೇಳು ದಿನ, ಸೊನ್ನೆ. ಗುಬ್ಬಿಯೊಬ್ಬಳೇ ದಿನಕ್ಕೆ ಹತ್ತು ಸಲ ಕಂಡಕಂಡದ್ದನ್ನು ಒತ್ತುತ್ತಾಳೆ.

ಯಾರೂ ಓದುತ್ತಿಲ್ಲ. ನನ್ನ ನಮಸ್ಕಾರ, ನನ್ನ ಅಜ್ಜ, ನನ್ನ ವೃತ್ತಗಳು, ಯಾವುದನ್ನೂ.

ಸೆಪ್ಟೆಂಬರ್ 21, ಶುಕ್ರವಾರ

ನಿನ್ನೆ ಬೇಜಾರು ಮಾಡಿಕೊಂಡ ನನ್ನಂಥ ದಡ್ಡಿ ಇಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ಉಂಟೇ! ಬಕೆಟ್‌ನಲ್ಲಿ ಬಿದ್ದದ್ದು ಮೂವತ್ತು ದಿನಕ್ಕೆ ಅಳಿಸುತ್ತದೆ. ಆರನೇ ತಾರೀಖಿನ ಸಾಲುಗಳು ಅಕ್ಟೋಬರ್ ಆರಕ್ಕೆ ಮಾಯ. ತಪ್ಪೊಪ್ಪಿಗೆ ಹತ್ತಕ್ಕೆ ಮಾಯ. ಎಂಟಕ್ಕೆ ಪರೀಕ್ಷೆ. ನಾನು ಮಾಡಬೇಕಾದದ್ದು ಇಷ್ಟೇ: ಬಾಯಿಗೆ ಬೀಗ.

ಹಲಗೆಯ ಮುಂದೆ ಹೋಗಿ ನಿಂತು ತಂತಿಗೆ "ಚೆನ್ನಾಗಿದೆಯಪ್ಪಾ, ಕಣ್ಣಿಗೆ ತಂಪು," ಅಂದೆ. ಹಲ್ಲು ಬಿಟ್ಟ, ಪಾಪ.

ಮಗಳ ಕೈಯಲ್ಲಿ ಹತ್ತಕ್ಕೆ ಏಳು. ಕೆಂಪು ಪೆನ್ನಿನಲ್ಲಿ "ಪರವಾಗಿಲ್ಲ" ಅಂತ ಬರೆದಿದ್ದಾಳೆ.

ಸೆಪ್ಟೆಂಬರ್ 24, ಸೋಮವಾರ

ಸಂಜೆ ನಾಲ್ಕಕ್ಕೆ ಗುಬ್ಬಿ ಕುರ್ಚಿ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದಳು. ಚಿಲಿಪಿಲಿ ಇಲ್ಲ.

"ಅಕ್ಕಾ, ಯಾರಿಗೂ ಹೇಳ್ಬೇಡ."

"ಏನೇ?"

"ಲಿಫ್ಟ್ ಪುಟದ ಪಾಸ್‌ವರ್ಡ್ ಇವತ್ತೇ ಮುಗಿಯುತ್ತೆ ಅಂತ ಮೇಲ್ ಬಂತು. ಒತ್ತಿದೆ. ನಮ್ಮ ಪುಟದ ಥರಾನೇ ಇತ್ತು, ನಮ್ಮ ಗುರುತೂ ಇತ್ತು. ಪಾಸ್‌ವರ್ಡ್ ಹಾಕಿದ್ರೆ ಒಳಗೆ ಬಿಡ್ಲಿಲ್ಲ. ಇನ್ನೊಂದ್ಸಲ ಹಾಕಿದೆ."

"ಆಮೇಲೆ?"

"ಆಮೇಲೆ ನೋಡಿದ್ರೆ ವಿಳಾಸದಲ್ಲಿ ನಮ್ಮ ಕಂಪನಿ ಹೆಸರೇ ಇಲ್ಲ ಅಕ್ಕಾ. ಏನಾದ್ರೂ ಆಗಿದ್ರೆ ಹಲಗೆ ಕೆಂಪಾಗ್ತಿತ್ತು ಅಲ್ವಾ? ಹಸಿರಿದೆ. ನೋಡು, ಹಸಿರೇ ಇದೆ."

ನನ್ನ ಮೇಲ್‌ಗಳ ಪಟ್ಟಿ ತೆಗೆದು ನೋಡಿದೆ. ಆ ಮೇಲ್ ಅವಳೊಬ್ಬಳಿಗೇ ಬಂದದ್ದಲ್ಲ, ನನ್ನ ಪೆಟ್ಟಿಗೆಯಲ್ಲೂ ಇದೆ. ನಾನು ಒತ್ತಿರಲಿಲ್ಲ, ನಾನು ಹೆದರಿ ಯಾವ ಮೇಲನ್ನೂ ಒತ್ತುವುದಿಲ್ಲ. ಇನ್ನು ಎಷ್ಟು ಜನ ಒತ್ತಿದರೋ. ಆ ಪಾಸ್‌ವರ್ಡ್ ಇದ್ದವನು ಎಲ್ಲಿಂದ ಬೇಕಾದರೂ ಆಸ್ಪತ್ರೆಯ ಲಿಫ್ಟನ್ನು ಎರಡಕ್ಕೂ ಮೂರಕ್ಕೂ ಮಧ್ಯೆ ನಿಲ್ಲಿಸಬಹುದು.

ಇನ್ನು ಹದಿನಾಲ್ಕು ದಿನ. ಹದಿನಾಲ್ಕೇ ದಿನ ಸುಮ್ಮನಿದ್ದರೆ ಆಗಿತ್ತು.

ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಮಗಳು ಮೂರು ಲೋಟ ನೀರು ಕುಡಿದಳು.

ಸೆಪ್ಟೆಂಬರ್ 25, ಮಂಗಳವಾರ

ಎಂಟೂವರೆಗೇ ಹೋಗಿ ತಂತಿಯ ಬಾಗಿಲಲ್ಲಿ ನಿಂತೆ. ಗುಬ್ಬಿಯ ಹೆಸರು ಹೇಳಬಾರದು, ಬಕೆಟ್ ಸುದ್ದಿ ಎತ್ತಬಾರದು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

"ಏನಪ್ಪಾ, ನಿನ್ನೆ ಒಂದು ಕಳ್ಳ ಮೇಲ್ ಬಂದಿದೆ. ಯಾರೋ ಪಾಸ್‌ವರ್ಡ್ ಕೊಟ್ಟಿರಬಹುದು. ಎಲ್ಲರದೂ ಬದಲಾಯಿಸಿಬಿಡು."

"ಅಕ್ಕಾ, ಹಾಗೆ ಸುಮ್ಮಸುಮ್ಮನೆ ಬದಲಾಯಿಸಿದ್ರೆ ಹೊರಗಿರೋ ನಲವತ್ತು ಮೆಕ್ಯಾನಿಕ್ಕು ನನ್ನ ಕುತ್ತಿಗೆಗೆ ಬರ್ತಾರೆ. ಯಾರಾದ್ರೂ ಕೊಟ್ಟಿದ್ರೆ ನನ್ನ ಹಲಗೆ ಹೇಳ್ತಿತ್ತು."

"ನಿನ್ನ ಹಲಗೆ ಹೇಳಲ್ಲ."

"ಯಾಕೆ ಹೇಳಲ್ಲ? ಇಪ್ಪತ್ತೆರಡು ದಿನದಿಂದ ನೋಡ್ತಿದ್ದೀನಿ, ಹಸಿರು."

"ಅದಕ್ಕೇ ಹೇಳಲ್ಲ. ಎಲ್ಲಾ ಕಡೆಯಿಂದಲೂ ಸುದ್ದಿ ಬಂದು ಹಸಿರಾಗಿದೆಯಾ, ಸುದ್ದಿಯೇ ಬಾರದೆ ಹಸಿರಾಗಿದೆಯಾ?"

ಲಿಫ್ಟಿನ ಸತ್ತ ಫೋನಿನ ಕಥೆ ಹೇಳಿದೆ. ನಕ್ಕ. ಅವನ ಆ ನಗು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಗಬೇಡ. ಅವತ್ತು ನೀನು ತೆರೆದ ಕೆಟ್ಟ ವಿಳಾಸವನ್ನ ಗುರುವಾರ ನಾನು ಹನ್ನೆರಡು ಸಲ ತೆರೆದಿದ್ದೀನಿ. ಎಲ್ಲಿ ನಿನ್ನ ಕೀಂಯ್?"

ನಗು ನಿಂತಿತು. ಕುರ್ಚಿ ತಿರುಗಿಸಿ ಟಕಟಕ ಕುಟ್ಟಿದ. ಇನ್ನೊಮ್ಮೆ ಕುಟ್ಟಿದ. ಇಂಗು ತಿಂದ ಮಂಗನ ಮುಖವಾಯಿತು.

ನಡೆದದ್ದು ಇಷ್ಟು. ಮೂರನೇ ತಾರೀಖು ಮೀಟಿಂಗಿನಲ್ಲಿ ನಾವೆಲ್ಲ ಅವನ ಪರದೆ ನೋಡಿದೆವಲ್ಲ, ಬಕೆಟ್‌ನ ಕೀಲಿ, ಅದೂ ಒಂದು ಥರದ ಪಾಸ್‌ವರ್ಡ್, ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅಂತ ಮುಂಜಾಗ್ರತೆಗೆ ಅವತ್ತು ಮಧ್ಯಾಹ್ನವೇ ಕೀಲಿ ಬದಲಾಯಿಸಿದ್ದಾನೆ. ಹೊಸ ಕೀಲಿಯನ್ನು ಕಾವಲು ವ್ಯವಸ್ಥೆಗೆ ಕೊಡಲು ಮರೆತಿದ್ದಾನೆ. ಅದು ಐದೈದು ನಿಮಿಷಕ್ಕೊಮ್ಮೆ ಹಳೆಯ ಕೀಲಿ ಹಿಡಿದು ಬಂದು, ಬಾಗಿಲು ತೆರೆಯದೆ, ವಾಪಸು ಹೋಗಿ "ಅಪಾಯ ಸೊನ್ನೆ" ಅಂತ ಬರೆಯುತ್ತಿತ್ತು. ಇಪ್ಪತ್ತೆರಡು ದಿನ.

ನನ್ನ ಥರದವನೇ ಇವನೂ. ಹೆದರಿ ಹೆದರಿ ಕೆಡಿಸಿಕೊಂಡಿದ್ದಾನೆ.

"ಲಾಗೆಲ್ಲಾ ಬಕೆಟ್‌ನಲ್ಲಿ ಹಾಗೇ ಇದೆ ಅಕ್ಕಾ, ಒಂದು ಸಾಲೂ ಹೋಗಿಲ್ಲ," ಅಂದ. ನನಗೆ ಸಮಾಧಾನ ಆಗಲಿ ಅಂತ! "ಈಗ ಕೀಲಿ ಕೊಟ್ರೆ ಮೊದಲ ದಿನದಿಂದ ಎಲ್ಲಾ ಓದುತ್ತೆ. ಕೊಡ್ಲಾ?"

ನನ್ನನ್ನು ಯಾಕೆ ಕೇಳಬೇಕಿತ್ತು ಅವನು?

"ಕೊಡು," ಅಂದೆ.

ಸೆಪ್ಟೆಂಬರ್ 26, ಬುಧವಾರ

ಹಲಗೆ ದಾಸವಾಳದ ಹಾಗೆ ಕೆಂಪಾಗಿ ರಾತ್ರಿಯಿಡೀ ಕೀಂಯ್‌ಗುಟ್ಟಿದೆಯಂತೆ. ಐವತ್ಮೂರು ಅಪಾಯ. ಅದರಲ್ಲಿ ನಲವತ್ತೊಂಬತ್ತು, ಪತ್ರಗಳೂ ಸೇರಿ, ಒಂದೇ ಮೇಜಿನಿಂದ. ನನ್ನದು.

ಉಳಿದ ನಾಲ್ಕು ಕಳ್ಳ ಪುಟಕ್ಕೆ ಪಾಸ್‌ವರ್ಡ್ ಕೊಟ್ಟವರದು. ಗುಬ್ಬಿ, ಇಬ್ಬರು ಮೆಕ್ಯಾನಿಕ್. ನಾಲ್ಕನೆಯದು ಯಾರು ಅಂದರೆ ತಂತಿ ತಲೆಯೆತ್ತಿ ಫ್ಯಾನ್ ನೋಡಿದ. ಗುಬ್ಬಿಯ ಹೆಸರಿನಲ್ಲಿ ಹೊರಗಿನವರು ಯಾರೋ ಆಗಲೇ ಎರಡು ಸಲ ಲಿಫ್ಟುಗಳ ಪುಟದೊಳಗೆ ಬಂದು ನೋಡಿ ಹೋಗಿದ್ದರಂತೆ. ಇನ್ನೂ ಏನೂ ಮುಟ್ಟಿರಲಿಲ್ಲ. ಎಲ್ಲರ ಪಾಸ್‌ವರ್ಡೂ ಬದಲಾಯಿತು, ಹೊರಗಿನವರ ದಾರಿ ಮುಚ್ಚಿತು. ಮೆಕ್ಯಾನಿಕ್‌ಗಳು ಬೈದ ಕರೆಗಳು: ಮೂವತ್ತೊಂದು. ಎಲ್ಲವನ್ನೂ ನಾನೇ ತೆಗೆದುಕೊಂಡೆ.

ಗುಬ್ಬಿ ಅಳುತ್ತಾ ಬಂದು, "ಅಕ್ಕಾ, ನನ್ನ ಹೆಸರು ನೀನು ಹೇಳಿದ್ಯಾ?" ಅಂದಳು.

"ಇಲ್ಲ ಕಣೇ. ನೀನೇ ಹೇಳಿದ್ದೀ, ಲಾಗಿನಲ್ಲಿ. ನಾನೂ ಹೇಳಿದ್ದೀನಿ. ನನ್ನದರ ಮುಂದೆ ನಿನ್ನದು ಏನೂ ಅಲ್ಲ, ಸುಮ್ಮನಿರು."

ಸೆಪ್ಟೆಂಬರ್ 27, ಗುರುವಾರ

ತಂತಿ ಬಾಗಿಲು ಹಾಕಿಕೊಂಡು ಓದುತ್ತಿದ್ದಾನೆ. ಅನುಮಾನದ ಮೇಜಿನ ಎಲ್ಲ ಸಾಲನ್ನೂ ಒಬ್ಬ ಮನುಷ್ಯ ಕೂತು ಓದಬೇಕಂತೆ, ಅದು ನಿಯಮ. ನಾಲ್ಕು ಸಲ ಒಳಗಿನಿಂದ ನಗು ಕೇಳಿತು. 

ಸೆಪ್ಟೆಂಬರ್ 28, ಶುಕ್ರವಾರ

ಮೇಡಂ ಕರೆಸಿದರು. ಮೇಜಿನ ಮೇಲೆ ಒಂದು ಕಟ್ಟು ಕಾಗದ, ಪಕ್ಕದಲ್ಲಿ ನನ್ನ ಹಳೆಯ ಫೈಲು. ಕನ್ನಡಕ ಹಾಕಿಕೊಂಡು, ಹಾಜರಿ ಓದುವ ದನಿಯಲ್ಲಿ ಓದಿದರು.

"ನಾಲ್ಕನೇ ತಾರೀಖು, ಹತ್ತು ಗಂಟೆ. 'ನಮ್ಮ ಮೇಡಂ ತುಂಬಾ ಒಳ್ಳೆಯವರು.' ಹತ್ತೂ ಐದು. 'ನಮ್ಮ ಮೇಡಂ ತುಂಬಾ ಒಳ್ಳೆಯವರು.'" ಕನ್ನಡಕದ ಮೇಲಿಂದ ನೋಡಿದರು. "ಹುಡುಕಿದ್ರಲ್ಲ, ಸಿಕ್ಕಿದ್ರಾ?"

ನನಗೆ ನಗು ಬಂದುಬಿಟ್ಟಿತು. ಬರಬಾರದ ಹೊತ್ತಿನಲ್ಲಿ.

"ಹತ್ತನೇ ತಾರೀಖು. 'ಹತ್ತು ಪಾಸಾಗಿಲ್ಲ ಎನ್ನುವುದು ನಿಜ.'" ಇದನ್ನು ಓದಿ ಕಾಗದ ಕೆಳಗಿಟ್ಟರು. "ಫೈಲಲ್ಲಿ ಬೇರೆ ಇದೆ."

"ಫೈಲಲ್ಲಿರೋದು ಸುಳ್ಳು ಮೇಡಂ. ಲಾಗಲ್ಲಿರೋದು ನಿಜ."

"ಬಕೆಟ್ ಓದ್ತಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ವಾರ ಗುರುವಾರ."

"ಮಂಗಳವಾರದವರೆಗೆ ಯಾಕೆ ಸುಮ್ಮನಿದ್ರಿ?"

"ಅಳಿಸಿಹೋಗಲಿ ಅಂತ."

"ಆಮೇಲೆ ಯಾಕೆ ಹೇಳಿದ್ರಿ?"

ಆಸ್ಪತ್ರೆಯ ಅಜ್ಜನ ವಿಷಯ ಹೇಳೋಣ ಅಂದುಕೊಂಡೆ. ಅದೂ ಆ ಕಟ್ಟಿನಲ್ಲೇ ಇತ್ತು. 

ಮೇಡಂ ಕಿಟಕಿಯ ಕಡೆ ತಿರುಗಿದರು. ಆಮೇಲೆ, ನನಗಲ್ಲ ಕಿಟಕಿಗೆ ಹೇಳಿದ ಹಾಗೆ, "ಆ ಕಳ್ಳ ಪುಟಕ್ಕೆ ನಾನೂ ಎರಡು ಸಲ ಹಾಕಿದೆ," ಅಂದರು. "ಎರಡನೇ ಸಲ ಮೆಲ್ಲಗೆ, ಒಂದೊಂದೇ ಅಕ್ಷರ."

ಫೈಲನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಸುಳ್ಳಿನ ಸಾಲನ್ನು ನಾನೇ ಹೊಡೆದುಹಾಕಬೇಕು, ಮೇಲೆ "ಒಂಬತ್ತನೇ ತರಗತಿ" ಅಂತ ಬರೆಯಬೇಕು, ತಾರೀಖು, ಸಹಿ. ಬರೆದೆ. ನನ್ನ ಮೇಜಿನ ಫಲಕದಲ್ಲಿ ಹುದ್ದೆಯ ಮುಂದೆ "ಹಿರಿಯ" ಅಂತ ಇದೆಯಲ್ಲ, ಅದು ಇನ್ನು ಇರುವುದಿಲ್ಲ. ಕೆಲಸ ಇರುತ್ತದೆ.

"ಕೆಳಗೆ ಒಂದು ಸಾಲು ಖಾಲಿ ಬಿಟ್ಟಿರಿ," ಅಂದರು.

"ಆ ಸಾಲು ತುಂಬಿದ ದಿನ ಹಿರಿಯ ವಾಪಸ್ ಬರುತ್ತಾ ಮೇಡಂ?"

"ಆವತ್ತು ನೋಡೋಣ."

"ಮತ್ತೆ ಎಂಟನೇ ತಾರೀಖು ಅರ್ಧ ದಿನ ರಜೆ ಬೇಕಿತ್ತು."

ಮೇಡಂ ಕಟ್ಟಿನ ಕಡೆ ನೋಡಿದರು. "ಗೊತ್ತು. 'ಮೇಡಂಗೆ ಸಿಟ್ಟು ಬರದ ಹಾಗೆ ರಜೆ ಕೇಳುವುದು ಹೇಗೆ.' ಏಳು ಸಲ ಹುಡುಕಿದ್ದೀರಿ."

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ. "ಅಮ್ಮಾ, ನೀನು ಮೇಡಂ ಹತ್ರ ಚೌಕಾಸಿ ಮಾಡಿದ್ಯಾ? ನೀನಾ?" ಅಂದಳು. ಚೌಕಾಸಿ ಎಲ್ಲಿ ಬಂತು, ಕೇಳಬೇಕಾದದ್ದನ್ನು ಕೇಳಿದೆ. ಈ ಹುಡುಗಿಗೆ ಎಲ್ಲದರಲ್ಲೂ ಆಶ್ಚರ್ಯ.

ಅಕ್ಟೋಬರ್ 3, ಬುಧವಾರ

ಫಲಕದಿಂದ "ಹಿರಿಯ" ಕಿತ್ತದ್ದು ಇವತ್ತು. ಕಿತ್ತ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿದೆ, ಇದ್ದಾಗಿಗಿಂತ ಈಗಲೇ ಎದ್ದು ಕಾಣುತ್ತದೆ. ಗುಬ್ಬಿ ಅದರ ಮೇಲೆ ಪೆನ್ಸಿಲಿನಲ್ಲಿ "ಅಕ್ಕ" ಅಂತ ಬರೆದಿದ್ದಾಳೆ. ಅಳಿಸಲಿಲ್ಲ.

ಹಲಗೆಯಲ್ಲಿ ದಿನಕ್ಕೆ ಎರಡೋ ಮೂರೋ ಕೆಂಪು ಚುಕ್ಕೆ ಬರುತ್ತಿವೆ. ಈಗ ನಂಬಿಕೆ ಬರುತ್ತದೆ.

ತಂತಿ ಎದುರು ಸಿಕ್ಕರೆ ಗೋಡೆಗೆ ಅಂಟಿಕೊಂಡು ಹೋಗುತ್ತಾನೆ. ಇನ್ನೂರ ಹದಿನಾಲ್ಕು ಸಾಲು ಓದಿದ ಮೇಲೆ ಮುಖ ನೋಡುವುದು ಕಷ್ಟವೇ. ನಾನೂ ಆಮೇಲಿಂದ ಹುಡುಕುವ ಜಾಗದಲ್ಲಿ ಪತ್ರ ಬರೆಯುವುದನ್ನು ನಿಲ್ಲಿಸಿದ್ದೇನೆ. ಓದುವವರು ಇದ್ದಾರೆ ಅಂತ ಗೊತ್ತಾದಾಗ ಬರೆಯಲು ನಾಚಿಕೆ.

ಅಕ್ಟೋಬರ್ 8, ಸೋಮವಾರ

ಪರೀಕ್ಷೆ ಎರಡು ಗಂಟೆಗೆ. ಹನ್ನೆರಡೂವರೆಯವರೆಗೆ ಕೆಲಸ ಮಾಡಿದೆ. ಕರೆಗಳು ಒಂಬತ್ತು, ಸಿಕ್ಕಿಹಾಕಿಕೊಂಡವರು ಒಬ್ಬರೇ, ಅವರೂ ಹಾಡು ಹೇಳಿಕೊಂಡು ನಿಂತಿದ್ದರು.

ಹೊರಡುವ ಮೊದಲು ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಅಂತ ಬ್ರೌಸರಿನಲ್ಲಿ ಆ ಸ್ಪರ್ಶಕಗಳ ಪ್ರಮೇಯ ಹುಡುಕಿದೆ. ಎಷ್ಟನೆಯ ಸಲವೋ. ಪಾಠದ ಪುಟ ತೆರೆಯಲಿಲ್ಲ. ಬದಲಿಗೆ ಪರದೆಯ ತುಂಬ ಕೆಂಪು ಪಟ್ಟಿ, ಬೇಡದ ಪುಟಗಳಿಗೆ ಬರುತ್ತದಲ್ಲ, ಅದೇ ತಡೆ. ಮುಚ್ಚಲು ಹೋದೆ. ಆಮೇಲೆ ಓದಿದೆ:

ಈ ಪುಟಕ್ಕೆ ತಡೆ ಹಾಕಲಾಗಿದೆ.
ಕಾರಣ: 37 ಸಲ ನೋಡಿಯಾಗಿದೆ. ಬಳಕೆದಾರರಿಗೆ ಇದು ಬರುತ್ತದೆ.
ಹೊರಡಿ ಅಕ್ಕಾ, ಬಸ್ ತಪ್ಪುತ್ತೆ.

ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ: ಊಟ ಆಯಿತು. ತಡವಾಗಿ ಉತ್ತರಿಸಿದ್ದಕ್ಕೆ ಕ್ಷಮಿಸಿ.

ತಂತಿಯ ಕೋಣೆಯ ಬಾಗಿಲು ಹಾಕಿತ್ತು. ತಟ್ಟಲಿಲ್ಲ. ಬಸ್ ಸಿಕ್ಕಿತು.

ಮೂರನೇ ಪ್ರಶ್ನೆ ಅದೇ. ಬಾಹ್ಯ ಬಿಂದುವಿನಿಂದ. ನಗುತ್ತಾ ಬರೆಯುತ್ತಿದ್ದೆ ಅಂತ ಕಾಣುತ್ತದೆ, ಮೇಲ್ವಿಚಾರಕರು ಬಂದು ನನ್ನ ಮೇಜಿನ ಕೆಳಗೆ ಚೀಟಿ ಹುಡುಕಿದರು. ಹುಡುಕಿಕೊಳ್ಳಲಿ ಅಂತ ಕಾಲೆತ್ತಿ ಕೊಟ್ಟೆ.

ದೂರು ಪುಸ್ತಕದ ಹಾಳೆ ಇಲ್ಲಿಗೆ ಮುಗಿಯಿತು. ನಾಳೆ ಬೆಳಿಗ್ಗೆ ಹೋದೊಡನೆ ತಂತಿಗೆ ಉತ್ತರ ಕೊಡಬೇಕು. ಎದುರಿಗೆ ಹೇಳಿದರೆ ಗೋಡೆಯೊಳಗೇ ಹೊಕ್ಕುಬಿಡುತ್ತಾನೆ. ಎಲ್ಲಿ ಬರೆದರೆ ಐದು ನಿಮಿಷದೊಳಗೆ ಓದುತ್ತಾನೆ ಅಂತ ನನಗೆ ಗೊತ್ತು.